ಹಳಿಯಿಂದ ಹಾದಿಗೆ: ನಿಜಾಮ ರಾಜ್ಯ ರೈಲ್ವೆಯ ರಸ್ತೆ ಸಾರಿಗೆ ಇಲಾಖೆಯ ಏಳುಬೀಳು

ಕರ್ನಾಟಕದ ಸರ್ಕಾರಿ ರಸ್ತೆ ಸಾರಿಗೆಯ ಚರಿತ್ರೆಯನ್ನು 1948ರ ಸೆಪ್ಟೆಂಬರ್ 12ರಿಂದ ಆರಂಭಿಸುವುದು ವಾಡಿಕೆ. ಅಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಕಾರ್ಯಾರಂಭ ಮಾಡಿತು. ಹಳೆಯ ಮೈಸೂರು ಸಂಸ್ಥಾನದ ಮಟ್ಟಿಗೆ ಈ ದಿನಾಂಕ ನಿರ್ವಿವಾದವಾದುದು. ಆದರೆ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳಿಗೆ ಇದು ಅನ್ವಯಿಸುವುದಿಲ್ಲ. ಆ ದಿನ ಈ ಮೂರು ಜಿಲ್ಲೆಗಳು ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದುವು. ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಕ್ಕೆ ಕಾಲಿಟ್ಟುದು ಅದರ ಮರುದಿನ, ಸೆಪ್ಟೆಂಬರ್ 13ರಂದು. ಆ ಹೊತ್ತಿಗಾಗಲೇ ಹದಿನಾರು ವರ್ಷಗಳಿಂದ ಆ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಓಡುತ್ತಿತ್ತು. ಅದನ್ನು ಓಡಿಸುತ್ತಿದ್ದುದು ನಿಜಾಮ ರಾಜ್ಯ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ.

ಈ ಇಲಾಖೆಯ ಹೆಸರು ಇಂದು ಕನ್ನಡದ ಚರಿತ್ರೆಗಳಲ್ಲಿ ಅಪರೂಪ. ತೆಲುಗರ ಬರಹಗಳಲ್ಲಿ ಇದು ತಮ್ಮ ಸಾರಿಗೆ ಸಂಸ್ಥೆಯ ಪೂರ್ವಪೀಠಿಕೆಯಾಗಿ ಒಂದೆರಡು ವಾಕ್ಯಗಳಲ್ಲಿ ಬಂದುಹೋಗುತ್ತದೆ. ಮರಾಠವಾಡದ ಕಥನದಲ್ಲಿಯೂ ಇದರ ಸ್ಥಾನ ಅಷ್ಟೇ. ಮೂರು ಭಾಷೆಗಳ ನಾಡುಗಳಿಗೆ ಹಂಚಿಹೋದುದರಿಂದ ಇದು ಯಾರೊಬ್ಬರ ಚರಿತ್ರೆಯೂ ಆಗದೆ ಉಳಿಯಿತು. ಈ ಲೇಖನದಲ್ಲಿ ನಾವು ಆ ಇಲಾಖೆಯ ಹುಟ್ಟು, ಬೆಳವಣಿಗೆ ಮತ್ತು ವಿಘಟನೆಯನ್ನು ಒಂದೇ ಎಳೆಯಾಗಿ ಪರಿಶೀಲಿಸಿ, ಕನ್ನಡ ಜಿಲ್ಲೆಗಳ ಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನವನ್ನು ಸೂಚಿಸಲು ಯತ್ನಿಸಿದ್ದೇವೆ. ರಾಜ್ಯದ ಹೊರಗೆ ಕನ್ನಡ ಅಧ್ಯಯನದಲ್ಲಿ ತೊಡಗಿರುವ ವಿದ್ವಾಂಸರಿಗೆ ಹೈದರಾಬಾದಿನ ಆಡಳಿತ ಚರಿತ್ರೆ ಅಷ್ಟಾಗಿ ಪರಿಚಿತವಿರಲಾರದೆಂದು ಭಾವಿಸಿ, ಅಗತ್ಯವಾದ ಹಿನ್ನೆಲೆಯನ್ನು ಮೊದಲು ನಿರೂಪಿಸಿದ್ದೇವೆ.

1. ರೈಲಿನ ಹಿನ್ನೆಲೆ

ಹೈದರಾಬಾದ್ ಸಂಸ್ಥಾನದ ರೈಲುಮಾರ್ಗ ಮೊದಲಾದುದು ಕನ್ನಡ ನೆಲದಲ್ಲಿ. ಬೊಂಬಾಯಿ–ಮದರಾಸು ಹೆದ್ದಳಿಯು ಕಲಬುರಗಿ, ರಾಯಚೂರುಗಳ ಮೂಲಕ ಹಾದುಹೋದ ಮೇಲೆ, ಅದರ ಮೇಲಿನ ವಾಡಿಯಿಂದ ಸಿಕಂದರಾಬಾದಿಗೆ ಕವಲೊಂದನ್ನು ಎಳೆಯಲಾಯಿತು. 1874ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ರಾಜಧಾನಿಯು ಹೊರಜಗತ್ತಿನೊಡನೆ ಕೂಡಿಕೊಂಡುದು ಹೀಗೆ ಕಲಬುರಗಿ ಜಿಲ್ಲೆಯ ಒಂದು ಸಣ್ಣ ನಿಲ್ದಾಣದ ಮೂಲಕ. ಮುಂದೆ ಈ ಮಾರ್ಗ ಪೂರ್ವಕ್ಕೆ ವರಂಗಲ್ಲು, ಬೆಜವಾಡಗಳವರೆಗೂ, ಬೇರೊಂದು ಮೀಟರ್ ಗೇಜ್ ಮಾರ್ಗ ವಾಯವ್ಯಕ್ಕೆ ಔರಂಗಾಬಾದಿನ ಮೇಲಿಂದ ಮನಮಾಡದವರೆಗೂ ಬೆಳೆದುವು.

ಈ ರೈಲು ಬಹುಕಾಲ ಲಂಡನ್ನಿನಲ್ಲಿ ನೆಲೆಯಿದ್ದ ಕಂಪನಿಯ ಕೈಯಲ್ಲಿತ್ತು. ಬಂಡವಾಳಕ್ಕೆ ಬಡ್ಡಿಯ ಖಾತರಿಯನ್ನು ನಿಜಾಮ ಸರ್ಕಾರ ಕೊಡುತ್ತಿತ್ತು. ಆಡಳಿತ ಮಾತ್ರ ಕಂಪನಿಯದು. 1930ರ ಏಪ್ರಿಲ್‌ನಲ್ಲಿ ಸರ್ಕಾರವು ಇಡೀ ರೈಲ್ವೆಯನ್ನು ಕೊಂಡುಕೊಂಡಿತು. ನಮ್ಮ ವಿಷಯಕ್ಕೆ ಇದು ಮೂಲಭೂತವಾದ ಘಟನೆ. ರೈಲ್ವೆಯ ಲಾಭನಷ್ಟವು ಅಂದಿನಿಂದ ನೇರವಾಗಿ ಬೊಕ್ಕಸದ ಲಾಭನಷ್ಟವಾಯಿತು. ರೈಲಿನ ಪ್ರಯಾಣಿಕರನ್ನು ಸೆಳೆದುಕೊಳ್ಳುವ ಖಾಸಗಿ ಮೋಟಾರು ಸರ್ಕಾರದ ಆದಾಯಕ್ಕೇ ಕೈಹಾಕಿದಂತಾಯಿತು.

1920ರ ದಶಕದ ಕೊನೆಗೆ ಮೋಟಾರು ಮತ್ತು ರೈಲುಗಳ ಸ್ಪರ್ಧೆ ಭಾರತದಾದ್ಯಂತ ತಲೆನೋವಾಗಿತ್ತು. ಬ್ರಿಟಿಷ್ ಭಾರತದಲ್ಲಿ ಇದನ್ನು ಕುರಿತು ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ವಿಚಾರಣೆ ನಡೆಸಿ 1933ರಲ್ಲಿ ವರದಿ ಕೊಟ್ಟರು; ಖಾಸಗಿ ಮೋಟಾರುಗಳನ್ನು ಪರವಾನಗಿಯ ಹಿಡಿತಕ್ಕೆ ತರುವ ಸಮಗ್ರ ಕಾನೂನು 1939ರ ಮೋಟಾರು ವಾಹನ ಅಧಿನಿಯಮದ ರೂಪದಲ್ಲಿ ಬಂತು. ಅಲ್ಲಿಯವರು ವರದಿ ಬರೆಯುವ ಮೊದಲೇ ಹೈದರಾಬಾದು ತನ್ನ ಪರಿಹಾರವನ್ನು ಕಂಡುಕೊಂಡಿತ್ತು. ರೈಲಿನ ಒಡೆಯನೇ ಬಸ್ಸಿನ ಒಡೆಯನೂ ಆದರೆ ಸ್ಪರ್ಧೆಯ ಪ್ರಶ್ನೆಯೇ ಉಳಿಯದು ಎಂಬುದೇ ಆ ಪರಿಹಾರ.

2. ಉದಯ: 1932ರಿಂದ 1942

1932ರ ಜೂನ್‌ನಲ್ಲಿ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ ಹುಟ್ಟಿತು. ಆರಂಭದ ಬಂಡವಾಳವೆಂದರೆ 27 ಬಸ್ಸುಗಳು ಮತ್ತು 166 ಮಂದಿ ನೌಕರರು. ಮಾರ್ಗಗಳ ಒಟ್ಟು ಉದ್ದ 280 ಮೈಲಿ, ಅಂದರೆ ಸುಮಾರು 450 ಕಿಲೋಮೀಟರು. ಹತ್ತು ವರ್ಷಗಳೊಳಗೆ ಬಸ್ಸುಗಳ ಸಂಖ್ಯೆ ಸುಮಾರು 500ಕ್ಕೂ, ಮಾರ್ಗಗಳ ಉದ್ದ ಸುಮಾರು 7,200 ಕಿಲೋಮೀಟರಿಗೂ ಏರಿದುವು; ಹೂಡಿದ ಹಣ 75 ಲಕ್ಷ ರೂಪಾಯಿಗಳಷ್ಟಾಯಿತು. ಬಸ್ಸುಗಳು ಹದಿನೆಂಟು ಪಟ್ಟು, ಮಾರ್ಗಗಳು ಹದಿನಾರು ಪಟ್ಟು ಬೆಳೆದುವೆಂದು ಲೆಕ್ಕ.

ಈ ಬೆಳವಣಿಗೆಯ ಮಹತ್ವವನ್ನು ಇತರ ಪ್ರದೇಶಗಳೊಡನೆ ಹೋಲಿಸಿದಾಗ ಮಾತ್ರ ಅರಿಯಬಹುದು. ತಿರುವಾಂಕೂರು ಸಂಸ್ಥಾನದ ಸಾರಿಗೆ ಇಲಾಖೆ ತನ್ನ ಮೊದಲ ಬಸ್ಸನ್ನು ಓಡಿಸಿದುದು 1938ರ ಫೆಬ್ರುವರಿಯಲ್ಲಿ. ಬೊಂಬಾಯಿ ಪ್ರಾಂತದ ರಾಜ್ಯ ಸಾರಿಗೆಯ ಮೊದಲ ಬಸ್ಸು ಪುಣೆಯಿಂದ ಅಹಮದ್‌ನಗರಕ್ಕೆ ಹೊರಟುದು 1948ರ ಜೂನ್ 1ರಂದು. ಮೈಸೂರಿನ ದಿನಾಂಕವನ್ನು ಆಗಲೇ ಹೇಳಿದ್ದೇವೆ. ಬೆಂಗಳೂರು ನಗರದೊಳಗಿನ ಬಸ್ಸುಗಳಾದರೋ 1940ರಿಂದ ಒಂದು ಖಾಸಗಿ ಕಂಪನಿಯ ಕೈಯಲ್ಲಿದ್ದು, 1956ರಲ್ಲಿ ಸರ್ಕಾರಕ್ಕೆ ಬಂದುವು. ಲಂಡನ್ ಮಹಾನಗರವೇ ತನ್ನ ಬಸ್ಸು, ಟ್ರಾಮು ಮತ್ತು ಸುರಂಗರೈಲುಗಳನ್ನು ಒಂದು ಸಾರ್ವಜನಿಕ ಮಂಡಳಿಯ ಕೆಳಗೆ ತಂದುದು 1933ರಲ್ಲಿ. ಈ ಕಾಲಾನುಕ್ರಮದಲ್ಲಿ ಹೈದರಾಬಾದಿನ 1932 ಎಲ್ಲಕ್ಕಿಂತ ಮುಂದಿದೆ.

ಆದರೆ ಇದನ್ನು ಜನಹಿತದ ಪ್ರಯೋಗವೆಂದು ಮಾತ್ರ ಬಣ್ಣಿಸುವುದು ಸಲ್ಲದು. ಇಲಾಖೆಯ ತರ್ಕ ಎರಡು ಬಗೆಯದು. ರೈಲಿಗೆ ಸಮಾನಾಂತರವಾದ ರಸ್ತೆಗಳಲ್ಲಿ ಬಸ್ಸು ರೈಲಿನ ಪ್ರತಿಸ್ಪರ್ಧಿಯಾಗದಂತೆ ನೋಡಿಕೊಳ್ಳುವುದು ಒಂದು; ರೈಲು ಮುಟ್ಟದ ತಾಲ್ಲೂಕುಗಳಿಂದ ಜನರನ್ನೂ ಸರಕನ್ನೂ ತಂದು ರೈಲಿಗೆ ತುಂಬಿಸುವುದು ಇನ್ನೊಂದು. ಇಲಾಖೆಯ ಬಸ್ಸು ಓಡುವ ಮಾರ್ಗವನ್ನು ಅದಕ್ಕೇ ಮೀಸಲಿಡುವುದು ಈ ನೀತಿಯ ಸಹಜ ಪರಿಣಾಮ. ಖಾಸಗಿ ಮೋಟಾರಿನವರ ಅನ್ನಕ್ಕೆ ಇದರಿಂದ ಕಲ್ಲು ಬಿತ್ತು. ಪ್ರಜಾಪ್ರತಿನಿಧಿ ಸಭೆಗೆ ಉತ್ತರ ಹೇಳಬೇಕಾದ ಹೊಣೆಯಿಲ್ಲದ ಸರ್ಕಾರವು ಇದನ್ನು ಸುಲಭವಾಗಿ ಜಾರಿಗೆ ತಂದಿತು. ಸ್ವಾತಂತ್ರ್ಯಾನಂತರ ಇದೇ ಕೆಲಸಕ್ಕೆ ಸಂವಿಧಾನದ ತಿದ್ದುಪಡಿಯೇ ಬೇಕಾಯಿತೆಂಬುದನ್ನು ಮುಂದೆ ಕಾಣುವೆವು.

1945ರಲ್ಲಿ ಇದೇ ರೈಲ್ವೆಯು ಟಾಟಾ ಸಂಸ್ಥೆಯ ಸಹಯೋಗದಲ್ಲಿ ಡೆಕ್ಕನ್ ಏರ್‌ವೇಸ್ ಎಂಬ ವಿಮಾನ ಕಂಪನಿಯನ್ನೂ ಸ್ಥಾಪಿಸಿತು. ಹಳಿ, ಹಾದಿ, ಆಕಾಶ ಈ ಮೂರನ್ನೂ ಒಂದೇ ಆಡಳಿತದ ನೆರಳಿಗೆ ತಂದ ಈ ಘಟ್ಟವನ್ನು ಇಲಾಖೆಯ ಏಳಿಗೆಯ ಶಿಖರವೆಂದು ನಾವು ಗುರುತಿಸುತ್ತೇವೆ.

3. ನಗರ ಮತ್ತು ಅದರ ಬಸ್ಸು

ಹೈದರಾಬಾದು ಬಸ್ಸಿಗೆ ಯೋಗ್ಯವಾದ ನಗರವಾದುದರ ಹಿಂದೆ ಒಂದು ದುರಂತವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಮಹಾಪೂರ ನಗರದ ನಡುಭಾಗವನ್ನು ಕೊಚ್ಚಿಕೊಂಡು ಹೋಯಿತು. ಆಗ ಸರ್ಕಾರ ಕರೆಸಿಕೊಂಡ ತಜ್ಞರು ಕನ್ನಡಿಗರಾದ ಎಂ. ವಿಶ್ವೇಶ್ವರಯ್ಯನವರು. ಅವರ ಸಲಹೆಯ ಫಲವಾಗಿ ನಗರದ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ನಿರ್ಮಾಣವಾದುವು. 1912ರಲ್ಲಿ ರಚಿತವಾದ ನಗರ ಸುಧಾರಣಾ ಮಂಡಳಿಯು ಇಕ್ಕಟ್ಟಾದ ಓಣಿಗಳನ್ನು ಒಡೆದು ರಸ್ತೆಗಳನ್ನು ಅಗಲಗೊಳಿಸಿತು. ಪತ್ಥರ್‌ಗಟ್ಟಿಯ ಕಲ್ಲಿನ ಕಮಾನುಸಾಲಿನ ಬೀದಿ ಈ ಮಂಡಳಿಯ ಕೆಲಸ. ಎರಡು ಬಸ್ಸು ಎದುರುಬದುರಾಗಿ ಹಾಯಬಲ್ಲ ಬೀದಿಗಳು ಇಲಾಖೆ ಹುಟ್ಟುವ ವೇಳೆಗೆ ಸಿದ್ಧವಾಗಿದ್ದುದು ಹೀಗೆ.

ನದಿಯ ಉತ್ತರ ದಂಡೆಗೆ ಸಮೀಪದ ಗೌಲಿಗುಡಾದಲ್ಲಿ ಬಸ್ಸುಗಳ ಮುಖ್ಯ ಅಡ್ಡಾ ನೆಲೆಗೊಂಡಿತು. ವಿಮಾನಗಳಿಗೆಂದು ತರಿಸಿದ ಉಕ್ಕಿನ ಹ್ಯಾಂಗರೇ ಅಲ್ಲಿ ಬಸ್ ನಿಲ್ದಾಣದ ಮಾಡಾಯಿತು. ಕಂಬಗಳಿಲ್ಲದ, ಅರೆಗೋಲಾಕಾರದ ಆ ವಿಶಾಲ ಮಾಡು ಹೈದರಾಬಾದಿಗೆ ಬಂದಿಳಿಯುತ್ತಿದ್ದ ಹಳ್ಳಿಗರು ಮೊದಲು ಕಾಣುತ್ತಿದ್ದ ನಗರ. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಬಸ್ಸುಗಳು ಇಲಾಖೆಯ ಆರಂಭದ ವಾಹನಗಳಲ್ಲಿದ್ದುವು. ಆ ಕಾಲದ ಒಂದು ಬಸ್ಸನ್ನು 'ಡೆಕ್ಕನ್ ಕ್ವೀನ್' ಎಂಬ ಹೆಸರಿನಲ್ಲಿ ಸಂಸ್ಥೆಯ ಪ್ರಧಾನ ಕಚೇರಿಯಾದ ಬಸ್ ಭವನದಲ್ಲಿ ಪ್ರದರ್ಶನಕ್ಕೆ ಇರಿಸಲಾಗಿದೆ. 1940ರ ದಶಕದಲ್ಲಿ ಬಂದ ಎರಡಂತಸ್ತಿನ ಬಸ್ಸು ಹೈದರಾಬಾದ್–ಸಿಕಂದರಾಬಾದ್ ಅವಳಿನಗರಗಳ ಗುರುತೇ ಆಗಿಹೋಯಿತು.

ನಗರದ ಕನ್ನಡಿಗರ ಬದುಕಿಗೂ ಈ ಬಸ್ಸಿಗೂ ಇದ್ದ ನಂಟು ಗಮನಾರ್ಹವಾದುದು. ಕಾಚಿಗುಡಾದ ಸುತ್ತಮುತ್ತ ಕನ್ನಡ ಮನೆತನಗಳು ನೆಲೆಸಿದ್ದು, ನೃಪತುಂಗನ ಹೆಸರಿನ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಅಲ್ಲಿಯೇ ಬೆಳೆದುವು. 1916ರಲ್ಲಿ ಕಟ್ಟಿದ ಕಾಚಿಗುಡಾ ರೈಲು ನಿಲ್ದಾಣವೂ ಸನಿಹದಲ್ಲಿಯೇ ಇದೆ. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಸ್ಥಾಪನೆಗೊಂಡು, ಅದರ ಕಲಾ ಕಾಲೇಜಿನ ಭವ್ಯ ಕಟ್ಟಡ 1939ರಲ್ಲಿ ಊರ ಹೊರಗಿನ ಅಡಿಕ್‌ಮೆಟ್ಟಿನಲ್ಲಿ ಉದ್ಘಾಟನೆಯಾದ ಮೇಲೆ, ಕಲಬುರಗಿ, ರಾಯಚೂರುಗಳಿಂದ ಓದಲು ಬಂದ ತರುಣರಿಗೆ ನಗರದ ಬಸ್ಸು ನಿತ್ಯದ ಅಗತ್ಯವಾಯಿತು. ಸಂಸ್ಥಾನದ ಜನಸಂಖ್ಯೆಯಲ್ಲಿ ಕನ್ನಡಿಗರ ಪಾಲು ಹತ್ತರಲ್ಲಿ ಒಂದರಷ್ಟು. ತಮ್ಮ ಮಾತಿಗೆ ಕಚೇರಿಯಲ್ಲಾಗಲಿ ಕಾಲೇಜಿನ ಬೋಧನೆಯಲ್ಲಾಗಲಿ ಎಡೆಯಿಲ್ಲದ ಆ ಕಾಲದಲ್ಲಿ ಇವರು ಒಂದು ಊರಿನವರನ್ನು ಇನ್ನೊಂದು ಊರಿನವರು ಕಂಡು ಕಲೆಯಲು ಸಾರಿಗೆಯೇ ಆಧಾರವಾಗಿತ್ತು. ಅದೇ 1930ರ ದಶಕದಲ್ಲಿ ತೆಲುಗರು, ಮರಾಠಿಗರು, ಕನ್ನಡಿಗರು ತಂತಮ್ಮ ಭಾಷಿಕ ಪರಿಷತ್ತುಗಳನ್ನು ಕಟ್ಟಿಕೊಂಡರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ಸೇರಿತು. ಒಂದೇ ಇಲಾಖೆಯ ಬಸ್ಸುಗಳು ಮೂರು ಭಾಷೆಯವರನ್ನು ಒಂದೇ ರಾಜಧಾನಿಗೆ ತಂದು ಇಳಿಸುತ್ತಿದ್ದ ಕಾಲದಲ್ಲಿಯೇ ಆ ಮೂವರೂ ಬೇರೆಬೇರೆ ನಾಡುಗಳ ಕನಸು ಕಾಣತೊಡಗಿದ್ದರು. ಇಲಾಖೆಯ ಮುಂದಿನ ಗತಿಯ ಬೀಜ ಇಲ್ಲಿದೆ.

4. ಕನ್ನಡ ಜಿಲ್ಲೆಗಳ ಹಾದಿಗಳು

ಮೂರು ಕನ್ನಡ ಜಿಲ್ಲೆಗಳ ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಬಸ್ಸಿನ ಅಗತ್ಯ ತಾನೇ ತಾನಾಗಿ ವ್ಯಕ್ತವಾಗುತ್ತದೆ. ರೈಲು ಕಲಬುರಗಿ, ಯಾದಗಿರಿ, ರಾಯಚೂರುಗಳನ್ನು ಒಂದು ಗೆರೆಯಲ್ಲಿ ಮುಟ್ಟಿಕೊಂಡು ಹೋಗುತ್ತದೆ. ಸುರಪುರ, ಶಹಾಪುರ, ಜೇವರಗಿ, ಆಳಂದ, ಲಿಂಗಸುಗೂರು, ಮಾನ್ವಿ, ಸಿಂಧನೂರು, ಹುಮನಾಬಾದ, ಕಲ್ಯಾಣ ಇವೆಲ್ಲ ಆ ಗೆರೆಯ ಹೊರಗಿನವು. ಹತ್ತಿಯನ್ನೂ ಜೋಳವನ್ನೂ ಬೆಳೆಯುವ ಈ ಎರೆನೆಲದ ಊರುಗಳು ಮಳೆಗಾಲದಲ್ಲಿ ಬಂಡಿಯ ಗಾಲಿ ಹೂತುಹೋಗುವ ದಾರಿಗಳನ್ನು ನೆಚ್ಚಿದ್ದುವು. ರೈಲಿಗೆ ಜನರನ್ನು ಒದಗಿಸುವುದೇ ಇಲಾಖೆಯ ಉದ್ದೇಶವಾಗಿದ್ದುದರಿಂದ ಇಂತಹ ಪ್ರದೇಶವೇ ಅದರ ಸಹಜ ಕ್ಷೇತ್ರ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಈ ಜಾಲದ ಹರಹು ಮತ್ತೊಂದು ಕಾರಣಕ್ಕೆ ಮುಖ್ಯವೆನಿಸುತ್ತದೆ. ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿರುವುದು ಸುಪ್ರಸಿದ್ಧ. ಆ ನಾಡಿನ ಉತ್ತರಾರ್ಧದ ಬಹುಪಾಲು, ಅಂದರೆ ರಾಷ್ಟ್ರಕೂಟರ ಮಳಖೇಡ, ಚಾಲುಕ್ಯರ ಹಾಗೂ ಶರಣರ ಕಲ್ಯಾಣ, ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ, ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಶಾಸನ ಬರೆಸಿದ ಕುರ್ಕ್ಯಾಲದ ಗುಡ್ಡ, ಇವೆಲ್ಲವೂ ಹೈದರಾಬಾದ್ ಸಂಸ್ಥಾನದೊಳಗೇ ಇದ್ದುವು. ಕನ್ನಡದ ಆದಿಕಾವ್ಯ ಹುಟ್ಟಿದ ನೆಲ ಇಂದು ತೆಲಂಗಾಣದಲ್ಲಿದೆ. ಮಳಖೇಡ, ಕಲ್ಯಾಣಗಳು ಕರ್ನಾಟಕದಲ್ಲಿವೆ. ಇವೆಲ್ಲ ಒಂದೇ ಆಡಳಿತದ, ಒಂದೇ ಸಾರಿಗೆಯ ವ್ಯಾಪ್ತಿಯಲ್ಲಿ ಸೇರಿದ್ದ ಕೊನೆಯ ಕಾಲ 1932ರಿಂದ 1956ರವರೆಗಿನದು.

ವ್ಯವಹಾರದಲ್ಲಿಯೂ ಈ ಸಂಸ್ಥಾನ ಬೇರೆಯೇ ಒಂದು ಲೋಕ. ಟಿಕೆಟ್ಟಿನ ಹಣ ಸಲ್ಲುತ್ತಿದ್ದುದು ಹಾಲಿ ಸಿಕ್ಕಾದಲ್ಲಿ. ಏಳು ಸಿಕ್ಕಾ ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಎಂಬುದು ರೂಢಿಯ ಲೆಕ್ಕ. ಎಲ್ಲೆ ದಾಟಿ ಸೊಲ್ಲಾಪುರಕ್ಕೋ ಬಳ್ಳಾರಿಗೋ ಹೋಗುವವನು ನಾಣ್ಯವನ್ನೂ ಬದಲಿಸಬೇಕಾಗಿತ್ತು. ಸಡಕು, ಅಡ್ಡಾ, ನಾಕಾ, ಸವಾರಿ, ಹಮಾಲ ಮೊದಲಾದ ಮಾತುಗಳು ಕಲಬುರಗಿ ಸೀಮೆಯ ಕನ್ನಡದಲ್ಲಿ ಬೇರೂರಿವೆ. ಇವುಗಳಲ್ಲಿ ಹಲವು ಬಸ್ಸಿಗಿಂತ ಹಳೆಯವು; ಆದರೆ ದಿನನಿತ್ಯದ ಪ್ರಯಾಣ ಅವನ್ನು ಹಳ್ಳಿಯ ಹೆಂಗಸರ, ಮಕ್ಕಳ ಬಾಯಿಗೂ ಮುಟ್ಟಿಸಿತೆಂದು ಊಹಿಸಲು ಅವಕಾಶವಿದೆ. ಉಪಭಾಷೆಗಳ ಅಧ್ಯಯನ ಮಾಡುವವರು ಸಾರಿಗೆಯ ಶಬ್ದಗಳನ್ನೇ ಪ್ರತ್ಯೇಕವಾಗಿ ಸಂಗ್ರಹಿಸಿದರೆ ಉಪಯುಕ್ತವಾದೀತು.

5. ವಿಘಟನೆ: 1948ರಿಂದ 1961

ಇಲಾಖೆಯ ಪತನ ಒಮ್ಮೆಗೇ ಆದುದಲ್ಲ. ಮೂರು ಹಂತಗಳಲ್ಲಿ ನಡೆಯಿತು.

ಮೊದಲನೆಯದು ರೈಲಿನಿಂದ ಬೇರ್ಪಡೆ. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1950ರ ಏಪ್ರಿಲ್‌ನಲ್ಲಿ ನಿಜಾಮರ ರೈಲ್ವೆಯನ್ನು ಭಾರತ ಸರ್ಕಾರ ವಹಿಸಿಕೊಂಡಿತು. ಸಂವಿಧಾನದ ಪ್ರಕಾರ ರೈಲು ಕೇಂದ್ರದ್ದು, ಊರೂರಿನ ಬಸ್ಸು ರಾಜ್ಯದ ಹೊಣೆ. ಅದರಂತೆ 1951ರ ನವೆಂಬರ್ 1ರಂದು ರಸ್ತೆ ಸಾರಿಗೆ ಇಲಾಖೆ ಹೈದರಾಬಾದ್ ರಾಜ್ಯ ಸರ್ಕಾರದ ಕೈಸೇರಿತು. ನಾಲ್ಕು ದಿನಗಳ ಬಳಿಕ, ನವೆಂಬರ್ 5ರಂದು, ರೈಲ್ವೆಯು ಹೊಸದಾಗಿ ರಚಿತವಾದ ಮಧ್ಯ ರೈಲ್ವೆಯಲ್ಲಿ ಲೀನವಾಯಿತು. 1953ರಲ್ಲಿ ಡೆಕ್ಕನ್ ಏರ್‌ವೇಸ್ ಕೂಡ ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸಿನ ಪಾಲಾಯಿತು. ರೈಲಿನ ಆದಾಯವನ್ನು ಕಾಯಲೆಂದೇ ಹುಟ್ಟಿದ ಬಸ್ಸು ಈಗ ರೈಲಿಲ್ಲದ ಬಸ್ಸಾಗಿ ಉಳಿಯಿತು. ಅದರ ಹುಟ್ಟಿನ ಕಾರಣವೇ ಇಲ್ಲವಾದರೂ ಅದು ನಿಲ್ಲಲಿಲ್ಲ. ಅಷ್ಟರೊಳಗೆ ಜನರಿಗೆ ಅದು ಬೇಕಾಗಿಬಿಟ್ಟಿತ್ತು.

ಎರಡನೆಯದು ನಾಡಿನ ಹಂಚಿಕೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ತೆಲುಗು ಜಿಲ್ಲೆಗಳು ಆಂಧ್ರಪ್ರದೇಶಕ್ಕೂ, ಮರಾಠವಾಡ ಬೊಂಬಾಯಿ ರಾಜ್ಯಕ್ಕೂ, ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೂ ಸೇರಿದುವು. ಬಸ್ಸುಗಳು, ನೌಕರರು, ಮಾರ್ಗಗಳು ಅದಕ್ಕನುಗುಣವಾಗಿ ಮೂರು ಪಾಲಾದುವು. ಮುಂಜಾನೆ ತನ್ನ ರಾಜ್ಯದೊಳಗಿನ ರಾಜಧಾನಿಗೆ ಹೋಗುತ್ತಿದ್ದ ಬೀದರಿನ ಬಸ್ಸು ಅಂದಿನಿಂದ ಅಂತರರಾಜ್ಯ ಬಸ್ಸಾಯಿತು. ಸುಮಾರು 140 ಕಿಲೋಮೀಟರು ದೂರದ ಹೈದರಾಬಾದು ಹೊರನಾಡಾಗಿ, 700 ಕಿಲೋಮೀಟರಿನಷ್ಟು ದೂರದ ಬೆಂಗಳೂರು ರಾಜಧಾನಿಯಾಯಿತು. ಇದು ಕನ್ನಡಿಗರೇ ಬಯಸಿ, ಹೋರಾಡಿ ಪಡೆದ ಏಕೀಕರಣ. ಅದರ ಔಚಿತ್ಯವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಅದಕ್ಕೆ ತೆತ್ತ ಬೆಲೆಗಳ ಪಟ್ಟಿಯಲ್ಲಿ ಈ ದೂರವೂ ಒಂದೆಂಬುದನ್ನು ಮಾತ್ರ ನಾವು ನೆನಪಿಸುತ್ತಿದ್ದೇವೆ.

ಮೂರನೆಯದು ಇಲಾಖೆಗಳ ಬದಲಿಗೆ ನಿಗಮಗಳ ಸ್ಥಾಪನೆ. 1950ರ ರಸ್ತೆ ಸಾರಿಗೆ ನಿಗಮಗಳ ಅಧಿನಿಯಮದ ಮೇರೆಗೆ ಆಂಧ್ರಪ್ರದೇಶದಲ್ಲಿ 1958ರ ಜನವರಿ 11ರಂದು ನಿಗಮ ಸ್ಥಾಪಿತವಾಯಿತು. ಮರಾಠವಾಡದ ಸಾರಿಗೆ 1961ರಲ್ಲಿ ಮಹಾರಾಷ್ಟ್ರದ ನಿಗಮದೊಡನೆ ಕೂಡಿತು. ಅದೇ 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿತು. ಹೈದರಾಬಾದಿನಿಂದ ಬಂದ ಪಾಲು ಹಳೆಯ ಮೈಸೂರಿನ ಮತ್ತು ಬೊಂಬಾಯಿ ಕರ್ನಾಟಕದ ಪಾಲುಗಳೊಡನೆ ಬೆರೆತು ಹೋಯಿತು. ಹಳೆಯ ಇಲಾಖೆಯ ಹೆಸರು ಹೇಳುವ ಕಚೇರಿ ಎಲ್ಲಿಯೂ ಉಳಿಯಲಿಲ್ಲ.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಮೂಲಪ್ರತಿ ನಷ್ಟವಾಗಿ ಮೂರು ಶಾಖೆಗಳ ಪ್ರತಿಗಳು ಮಾತ್ರ ದೊರೆತಂತಹ ಸ್ಥಿತಿ ಇದು. ಪ್ರತಿಯೊಂದು ಶಾಖೆಯೂ ತನ್ನ ಲಿಪಿಕಾರನನ್ನೇ ಕವಿಯೆಂದು ಭಾವಿಸಿದೆ. ಮೂರನ್ನೂ ಎದುರುಬದುರಿಟ್ಟು ನೋಡದೆ ಮೂಲಪಾಠ ಸಿದ್ಧಿಸದು.

6. ಉತ್ತರಾಧಿಕಾರಿಗಳು

ಹೈದರಾಬಾದ್ ನಗರದ ಬಸ್ಸು ಆಂಧ್ರಪ್ರದೇಶ ನಿಗಮದ ಪಾಲಿಗೆ ಬಂದಿತು. ತೆಲಂಗಾಣದಲ್ಲಿ ಸರ್ಕಾರಿ ಬಸ್ಸು ಕಾಲು ಶತಮಾನದಿಂದ ನೆಲೆಯೂರಿತ್ತು. ಕರಾವಳಿ ಆಂಧ್ರದಲ್ಲಿ ಮಾತ್ರ ಖಾಸಗಿ ಒಡೆಯರು ಪ್ರಬಲರಾಗಿದ್ದರು. ಇವರ ಮಾರ್ಗಗಳನ್ನು ವಹಿಸಿಕೊಳ್ಳಹೊರಟಾಗ ನಿಜಾಮರ ಕಾಲದ ಸುಲಭ ದಾರಿ ಈಗ ತೆರೆದಿರಲಿಲ್ಲ. ಉತ್ತರಪ್ರದೇಶದ ಸಾರಿಗೆ ಕಾನೂನನ್ನು 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಗೀರ್ ಅಹಮದ್ ಮೊಕದ್ದಮೆಯಲ್ಲಿ ತಳ್ಳಿಹಾಕಿತ್ತು. ಸರ್ಕಾರವು ತಾನೇ ವ್ಯಾಪಾರಕ್ಕಿಳಿದು ಇತರರನ್ನು ಹೊರಗಿಡಲು 1951ರ ಮೊದಲ ತಿದ್ದುಪಡಿಯು ಸಂವಿಧಾನದಲ್ಲಿ ಎಡೆಮಾಡಿಕೊಟ್ಟಿತು. 1956ರಲ್ಲಿ ಮೋಟಾರು ಅಧಿನಿಯಮಕ್ಕೆ ಹೊಸ ಅಧ್ಯಾಯವೊಂದು ಸೇರಿ ಅದಕ್ಕೆ ವಿಧಾನವನ್ನು ಗೊತ್ತುಪಡಿಸಿತು. ಅಷ್ಟಾದರೂ ಕೃಷ್ಣಾ ಜಿಲ್ಲೆಯ ಮಾರ್ಗಗಳ ರಾಷ್ಟ್ರೀಕರಣ 1958ರ ನವೆಂಬರ್‌ನಲ್ಲಿ ನ್ಯಾಯಾಲಯದಲ್ಲಿ ಮುಗ್ಗರಿಸಿತು. ಆಕ್ಷೇಪಗಳನ್ನು ಕೇಳುವವನೊಬ್ಬ, ತೀರ್ಮಾನಿಸುವವನು ಮತ್ತೊಬ್ಬ ಆದರೆ ಅದು ನ್ಯಾಯವಲ್ಲವೆಂದು ಗುಲ್ಲಪಲ್ಲಿ ನಾಗೇಶ್ವರರಾವ್ ಮೊಕದ್ದಮೆಯಲ್ಲಿ ಬಂದ ತೀರ್ಪು ಭಾರತದ ಆಡಳಿತ ಕಾನೂನಿನ ಪಾಠವಾಗಿ ಉಳಿದಿದೆ. ಅರಸೊತ್ತಿಗೆಯ ಏಕಸ್ವಾಮ್ಯಕ್ಕೂ ಪ್ರಜಾಪ್ರಭುತ್ವದ ಏಕಸ್ವಾಮ್ಯಕ್ಕೂ ಇರುವ ಅಂತರ ಈ ಒಂದು ತೀರ್ಪಿನಲ್ಲಿ ನಿಚ್ಚಳವಾಗಿದೆ.

ಈ ತೊಡಕುಗಳನ್ನು ದಾಟಿ ನಿಗಮ ಬೃಹತ್ತಾಗಿ ಬೆಳೆಯಿತು. 1994ರಲ್ಲಿ ಮೂಸಿಯ ನಡುವಣ ಇಮ್ಲಿಬನ್‌ನಲ್ಲಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ತೆರೆಯಿತು. 1999ರಲ್ಲಿ 18 ಸಾವಿರಕ್ಕೂ ಹೆಚ್ಚು ಬಸ್ಸುಗಳ ಒಡೆತನದಿಂದ ನಿಗಮದ ಹೆಸರು ಗಿನ್ನೆಸ್ ದಾಖಲೆಗೆ ಏರಿತು. ನಗರದ ಬಸ್ಸಿನ ಇಳಿಮುಖವೂ ಹೆಚ್ಚುಕಡಿಮೆ ಇದೇ ಕಾಲದಿಂದ ಕಾಣತೊಡಗುತ್ತದೆ. 2003ರಲ್ಲಿ ಸ್ಥಳೀಯ ರೈಲು ಬಂದಿತು. ಅದರ ಆಸುಪಾಸಿನಲ್ಲಿಯೇ ಮೇಲುಸೇತುವೆಗಳ ನಗರದಲ್ಲಿ ಎಡೆ ಸಾಲದೆ ಎರಡಂತಸ್ತಿನ ಬಸ್ಸುಗಳು ಮರೆಯಾದುವು. 2017ರ ನವೆಂಬರ್‌ನಲ್ಲಿ ಮೆಟ್ರೊ ಆರಂಭವಾಯಿತು. 2014ರಲ್ಲಿ ರಾಜ್ಯ ಒಡೆದಾಗ ನಿಗಮವೂ ಮತ್ತೊಮ್ಮೆ ಒಡೆದು, 2015ರಿಂದ ತೆಲಂಗಾಣದ ಸಾರಿಗೆ ಬೇರೆಯಾಗಿ ನಡೆಯತೊಡಗಿತು. 2018ರ ಜುಲೈ 5ರಂದು ಗೌಲಿಗುಡಾದ ಹಳೆಯ ಹ್ಯಾಂಗರು ಕುಸಿದುಬಿತ್ತು.

2019ರ ಅಕ್ಟೋಬರ್ 5ರಿಂದ ನವೆಂಬರ್ 25ರವರೆಗೆ, 52 ದಿನಗಳ ಕಾಲ, ತೆಲಂಗಾಣದ ಸಾರಿಗೆ ನೌಕರರು ಮುಷ್ಕರ ಹೂಡಿದರು. ನಿಗಮವನ್ನು ಸರ್ಕಾರದಲ್ಲಿ ವಿಲೀನಗೊಳಿಸಬೇಕೆಂಬುದು ಅವರ ಮುಖ್ಯ ಬೇಡಿಕೆ. ಅದು ಈಡೇರದೆಯೇ ಮುಷ್ಕರ ಮುಗಿಯಿತು. ನಗರದಿಂದ ಸುಮಾರು ಸಾವಿರದಷ್ಟು ಬಸ್ಸುಗಳನ್ನು ಹಿಂತೆಗೆಯಲಾಯಿತು. ಆದರೆ 2020ರ ಜನವರಿಯಲ್ಲಿ ನೆರೆಯ ಆಂಧ್ರಪ್ರದೇಶ ತನ್ನ ನೌಕರರನ್ನು ಸರ್ಕಾರಿ ಇಲಾಖೆಗೆ ಸೇರಿಸಿಕೊಂಡಿತು. 2023ರ ಆಗಸ್ಟ್‌ನಲ್ಲಿ ತೆಲಂಗಾಣದ ವಿಧಾನಮಂಡಲವೂ ಅಂತಹುದೇ ವಿಧೇಯಕವನ್ನು ಅಂಗೀಕರಿಸಿತು. 1932ರಲ್ಲಿ ಇಲಾಖೆಯಾಗಿ ಹುಟ್ಟಿದುದು ನಿಗಮವಾಗಿ ಬೆಳೆದು, ಮತ್ತೆ ಇಲಾಖೆಯ ಕಡೆಗೆ ಮುಖಮಾಡಿದೆ. 2023ರಲ್ಲಿಯೇ, ಜೂನ್‌ನಲ್ಲಿ ಕರ್ನಾಟಕ, ಡಿಸೆಂಬರ್‌ನಲ್ಲಿ ತೆಲಂಗಾಣ, ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಜಾರಿಗೆ ತಂದುವು. ಬಸ್ಸು ಆದಾಯದ ಮೂಲವೆಂಬ 1932ರ ತತ್ತ್ವಕ್ಕೆ ಇದು ಪೂರ್ಣವಾದ ತಿರುವು.

ಕರ್ನಾಟಕದ ಕಡೆಯ ಶಾಖೆಯ ವೃತ್ತಾಂತ ಚಿಕ್ಕದು, ಆದರೆ ಅರ್ಥಪೂರ್ಣ. 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ ಪ್ರತ್ಯೇಕವಾಗಿ ಸ್ಥಾಪಿತವಾಯಿತು. ಬೀದರಿನಿಂದ ಕಲಬುರಗಿಗೆ ನೇರ ರೈಲುಮಾರ್ಗ ಉದ್ಘಾಟನೆಯಾದುದು 2017ರ ಅಕ್ಟೋಬರ್ 29ರಂದು. ಅಂದರೆ ಏಕೀಕರಣದ ನಂತರ ಅರುವತ್ತೊಂದು ವರ್ಷಗಳ ಕಾಲ ಈ ಎರಡು ಕನ್ನಡ ಜಿಲ್ಲಾ ಕೇಂದ್ರಗಳನ್ನು ನೇರವಾಗಿ ಕೂಡಿಸಿದ ಸಾರ್ವಜನಿಕ ಸಾರಿಗೆ ಬಸ್ಸು ಮಾತ್ರ. ಹೈದರಾಬಾದ್ ಕರ್ನಾಟಕವೆಂಬ ಪ್ರದೇಶ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ನಾಮಾಂತರ ಹೊಂದಿತು. 2021ರಲ್ಲಿ ನಿಗಮದ ಹೆಸರೂ ಹಾಗೆಯೇ ಬದಲಾಯಿತು.

7. ಕೆಲವು ವಿಚಾರಗಳು

ಮೇಲಿನ ವೃತ್ತಾಂತದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಾರಿಗೆ ಸಂಸ್ಥೆಯ ಏಳುಬೀಳುಗಳನ್ನು ಲಾಭನಷ್ಟದಿಂದ, ಆಡಳಿತದ ದಕ್ಷತೆಯಿಂದ ವಿವರಿಸುವುದು ರೂಢಿ. ಈ ಇಲಾಖೆಯ ವಿಷಯದಲ್ಲಿ ಆ ವಿವರಣೆ ಸಾಲದು. ಅದು ಬೆಳೆದುದು ರೈಲು ಮತ್ತು ರಸ್ತೆಗಳೆರಡೂ ಒಂದೇ ಕೈಯಲ್ಲಿದ್ದುದರಿಂದ. ಅಳಿದುದು ಆ ಕೈ ಇಲ್ಲವಾದುದರಿಂದ. 1951, 1956, 2015 ಈ ಮೂರು ವರ್ಷಗಳಲ್ಲಿಯೂ ಸಂಸ್ಥೆಯನ್ನು ತುಂಡರಿಸಿದುದು ಗಡಿಯ ಗೆರೆ. ಆದರೆ ಹಾದಿಗಳು ಹಾಗೆ ತುಂಡಾಗಲಿಲ್ಲ. ಬೀದರ, ಕಲಬುರಗಿ, ರಾಯಚೂರುಗಳ ಬಸ್ಸುಗಳು ಇಂದಿಗೂ ಹೈದರಾಬಾದಿಗೆ ಹೋಗುತ್ತವೆ. ಆಸ್ಪತ್ರೆಗೆ, ವ್ಯಾಪಾರಕ್ಕೆ, ಕೂಲಿಗೆ ಹೋಗುವ ಜನ ಗಡಿಯನ್ನು ಲೆಕ್ಕಿಸುವುದಿಲ್ಲ.

ಇಲ್ಲಿ ಜನಜನಿತವಾದ ಒಂದು ಐತಿಹ್ಯವನ್ನು ಪ್ರಸ್ತಾಪಿಸುವುದು ಉಚಿತ. ತೆಲುಗು ನಾಡಿನ ಸರ್ಕಾರಿ ಬಸ್ಸುಗಳ ಸಂಖ್ಯಾಫಲಕದಲ್ಲಿ ಕಾಣುವ 'ಜೆಡ್' ಅಕ್ಷರವು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ತಾಯಿ ಜಹ್ರಾ ಬೇಗಂ ಅವರ ಸ್ಮರಣೆಗಾಗಿ ಇಟ್ಟುದೆಂದು ಹೈದರಾಬಾದಿನಲ್ಲಿ ಹೇಳುತ್ತಾರೆ. ಆಂಧ್ರಪ್ರದೇಶದ ಹೆಸರಿನಲ್ಲಿ ವಾಹನಗಳ ನೋಂದಣಿ 1956ರ ನಂತರದ್ದಾದುದರಿಂದ ಇದನ್ನು ಹಾಗೆಯೇ ಚರಿತ್ರೆಯೆಂದು ಸ್ವೀಕರಿಸುವಂತಿಲ್ಲ. ಆದರೆ ಐತಿಹ್ಯಕ್ಕೂ ತನ್ನದೇ ಸಾಕ್ಷ್ಯವಿದೆ. ಕಚೇರಿಯ ಫಲಕಗಳಿಂದ ಅಳಿದುಹೋದ ಒಂದು ಮೂಲವನ್ನು ಜನರು ಒಂದು ಅಕ್ಷರದಲ್ಲಿ ಅಡಗಿಸಿ ಉಳಿಸಿಕೊಂಡಿದ್ದಾರೆ. ಕನ್ನಡ ಜಿಲ್ಲೆಗಳಲ್ಲಿ ಅಂತಹ ಒಂದು ಅಕ್ಷರವೂ ಉಳಿಯಲಿಲ್ಲ.

'ಕಲ್ಯಾಣ' ಎಂಬ ಹೆಸರು ಹನ್ನೆರಡನೆಯ ಶತಮಾನದ ಶರಣರನ್ನು ನೆನೆಯುತ್ತದೆ. ಅದು ಆ ನೆಲಕ್ಕೆ ನ್ಯಾಯವಾಗಿ ಸಲ್ಲುವ ಹೆಸರು. ಆದರೆ ಹನ್ನೆರಡನೆಯ ಶತಮಾನವನ್ನು ನೆನೆಯುವುದಕ್ಕಾಗಿ ಇಪ್ಪತ್ತನೆಯ ಶತಮಾನವನ್ನು ಮರೆಯಬೇಕಾದ ಅಗತ್ಯವಿಲ್ಲ. ನಿಜಾಮರ ಆಳ್ವಿಕೆಯ ದಬ್ಬಾಳಿಕೆಯನ್ನೂ ಅದರ ಕೊನೆಯ ವರ್ಷಗಳಲ್ಲಿ ಜನರು ಪಟ್ಟ ಪಾಡನ್ನೂ ಒಪ್ಪಿಕೊಂಡೇ, ಅದರ ಸಂಸ್ಥೆಗಳನ್ನು ನಿರ್ಮಮವಾಗಿ ಅಧ್ಯಯನ ಮಾಡುವುದು ಸಾಧ್ಯ, ಮಾಡಲೇಬೇಕಾದುದು. ಆ ಬಸ್ಸುಗಳನ್ನು ನಡೆಸಿದವರು, ಅವುಗಳಲ್ಲಿ ಕುಳಿತು ಹೋದವರು ನಮ್ಮವರೇ ಆಗಿದ್ದರು.

ಈ ದಿಸೆಯಲ್ಲಿ ಆಗಬೇಕಾದ ಕೆಲಸ ಸಾಕಷ್ಟಿದೆ. ನಿಜಾಮರ ಕಾಲದ ಆಡಳಿತ ದಾಖಲೆಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ವಿಪುಲವಾಗಿವೆ. ಅವುಗಳ ಭಾಷೆ ಬಹುಮಟ್ಟಿಗೆ ಫಾರಸಿ ಮತ್ತು ಉರ್ದು. ಕನ್ನಡ ವಿಭಾಗಗಳ ಸಂಶೋಧಕರು ಹಳಗನ್ನಡವನ್ನು ಕಲಿಯುವ ಶ್ರದ್ಧೆಯಿಂದಲೇ ಉರ್ದು ಲಿಪಿಯನ್ನೂ ಕಲಿಯದಿದ್ದರೆ ಮೂರು ಜಿಲ್ಲೆಗಳ ಆಧುನಿಕ ಚರಿತ್ರೆಯ ಮುಖ್ಯ ಆಕರಗಳು ಅವರ ಪಾಲಿಗೆ ಮುಚ್ಚಿಯೇ ಇರುತ್ತವೆ. ಆಂಧ್ರ, ಮರಾಠವಾಡ, ಕರ್ನಾಟಕಗಳ ನಿಗಮಗಳಲ್ಲಿ 1956ರ ಹಂಚಿಕೆಯ ಕಾಗದಪತ್ರಗಳನ್ನು ಹುಡುಕಿ ತೆಗೆದು, ಮೂರನ್ನೂ ಒಟ್ಟಿಗೆ ಓದುವವರು ಬೇಕಾಗಿದ್ದಾರೆ. ರಾಜ್ಯದ ಹೊರಗಿರುವ ವಿದ್ವಾಂಸರಿಗೆ ಇಲ್ಲೊಂದು ಅನುಕೂಲವಿದೆ: ಮೂರು ನಾಡುಗಳಲ್ಲಿ ಯಾವುದೊಂದರ ಅಭಿಮಾನಕ್ಕೂ ಕಟ್ಟುಬೀಳದೆ ಅವರು ಈ ಕೆಲಸವನ್ನು ಮಾಡಬಲ್ಲರು. ಅಲ್ಲಿಯವರೆಗೆ, ಕರ್ನಾಟಕದ ಸಾರ್ವಜನಿಕ ಸಾರಿಗೆಯ ಚರಿತ್ರೆಯನ್ನು ಬರೆಯುವವರು 1948ರ ಜೊತೆಗೆ 1932ನ್ನೂ ಆರಂಭದ ವರ್ಷವಾಗಿ ನಮೂದಿಸುವುದು ಕನಿಷ್ಠ ನ್ಯಾಯವೆಂದು ನಮ್ಮ ಅಭಿಪ್ರಾಯ.